ಬ್ಲೋವರ್ ನಿಂತ ಇಳಿಜಾರು

ಡಂಪರ್‌ನ ಏಣಿಯ ಆರನೆಯ ಮೆಟ್ಟಿಲಲ್ಲಿ ಸ್ವರೂಪಾಳ ಕಾಲು ನಿಂತುಬಿಟ್ಟಿತು. ಮೇಲಿನ ಕ್ಯಾಬಿನ್‌ನಿಂದ ಡ್ರೈವರ್ ಓದೆಲು ಬಗ್ಗಿ ನೋಡಿದ.

"ರಿಪೇರಿ ಮಾಡ್ದೋಳೇ ಹತ್ತೋಕೆ ಹೆದರಿದ್ರೆ, ಓಡಿಸೋ ನನ್ನ ಗತಿ ಏನಮ್ಮಾ?"

ಅವಳು ನಗಲಿಲ್ಲ. ಗೋದಾವರಿ ದಂಡೆಯ ಆ ಕಲ್ಲಿದ್ದಲು ಗಣಿಯ ವರ್ಕ್‌ಶಾಪಿನಲ್ಲಿ ಅವಳೊಬ್ಬಳೇ ಹೆಣ್ಣು ಎಲೆಕ್ಟ್ರಿಷಿಯನ್. ನೂರು ಟನ್ನಿನ ಈ ಗಾಡಿಯ ಚಕ್ರಗಳನ್ನು ತಿರುಗಿಸುವುದು ಕರೆಂಟಿನ ಮೋಟಾರುಗಳು; ಇಳಿಜಾರಿನಲ್ಲಿ ತಡೆದು ಹಿಡಿಯುವುದೂ ಅವೇ. ಆಗ ಹುಟ್ಟುವ ಕಾವನ್ನು ಬ್ಲೋವರ್ ಊದಿ ಹೊರಹಾಕಬೇಕು. ಅದು ನಿಂತರೆ ಮೋಟಾರುಗಳ ಹಿಡಿತವೂ ಹೋಯಿತು. ಬೆಳಿಗ್ಗೆ ಸುಟ್ಟ ಬ್ಲೋವರ್ ತೆಗೆದು, ಹೊಸದಾಗಿ ತಂತಿ ಸುತ್ತಿಸಿದ ಹಳೆಯದೊಂದನ್ನು ಕೂರಿಸಿದ್ದಳು. ಅರ್ಧ ಗಂಟೆಯಾದರೂ ಓಡಿಸಿ ನೋಡಬೇಕು ಎಂದಿದ್ದಕ್ಕೆ ಫೋರ್‌ಮನ್ ಜನಾರ್ದನ್, ಕೆಳಗೆ ಕೆಲಸ ನಿಂತಿದೆ, ಐದು ನಿಮಿಷ ಸಾಕು ಎಂದಿದ್ದ. ಎಲ್ಲರೆದುರು ವಾದಿಸಲಾಗದೆ, ಗಾಡಿ ಸರಿಯಿದೆ ಎಂಬ ಚೀಟಿಗೆ ಸಹಿ ಹಾಕಿಕೊಟ್ಟಿದ್ದಳು. ಓದೆಲು ಚೀಟಿ ಓದಲೂ ಇಲ್ಲ. ನಿನ್ನ ಸಹಿ ಇದ್ದರೆ ಆಯಿತು ಎಂದು ಜೇಬಿಗಿಳಿಸಿದ. ಆ ಮಾತು ಕೇಳಿದ ಮೇಲೆ ಅವಳಿಗೆ ಕೆಳಗೆ ನಿಂತಿರಲಾಗಲಿಲ್ಲ.

ಅವನ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದುಕೊಂಡಳು. ಖಾಲಿ ಗಾಡಿ ಇಳಿಜಾರಿಗೆ ಮೂತಿ ಹಾಕಿತು. ಓದೆಲು ಮೋಟಾರುಗಳಿಂದ ತಡೆಯುವ ಪೆಡಲ್ ಒತ್ತಿದಾಗ ಹೊರಗೆ ಬ್ಲೋವರ್ ಮೊರೆಯಿತು. ಅವಳು ಉಸಿರು ಬಿಟ್ಟಳು. ಅವನು ಮಗಳ ಸೀಮಂತದ ಮಾತು ತೆಗೆದ. ಅವಳು ಹೂಂಗುಡುತ್ತ ಮೊರೆತಕ್ಕೇ ಕಿವಿಗೊಟ್ಟಿದ್ದಳು. ಎರಡನೆಯ ತಿರುವು ದಾಟುವಾಗ ತಂತಿಗೆ ಬಳಿದ ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮೊರೆತ ಕೀರಲಾಯಿತು, ನಿಂತಿತು.

ವೇಗದ ಮೀಟರಿನ ಮುಳ್ಳು ಮೂವತ್ತಕ್ಕೇರಿತು, ಮೂವತ್ತೆಂಟಕ್ಕೆ. ಓದೆಲು ಚಕ್ರದ ಬ್ರೇಕ್ ಒತ್ತಿದ, ಹಿಡಿದಂತಾಗಿ ಜಾರಿತು. ಕೆಳಗಿನ ತಿರುವಿನಲ್ಲಿ ನೀರಿನ ಟ್ಯಾಂಕರೊಂದು ಧೂಳಿಗೆ ನೀರು ಚಿಮುಕಿಸುತ್ತ ನಿಧಾನವಾಗಿ ಮೇಲೇರುತ್ತಿತ್ತು. ರಸ್ತೆಯ ಎಡಗಡೆ ಉದ್ದಕ್ಕೂ, ಗಾಡಿ ಬೀಳದಂತೆ ಹಾಕಿದ ಒಡ್ಡು.

"ಮಾವಾ, ಒಡ್ಡಿಗೆ ಉಜ್ಜು," ಎಂದಳು.

"ಒಡ್ಡಿನಾಚೆ ಇನ್ನೂರಡಿ ಗುಂಡಿ ಐತೆ."

"ಗೊತ್ತು. ಉಜ್ಜು."

ಅವನು ಸ್ಟೀರಿಂಗ್ ಎಡಕ್ಕೆ ಎಳೆದ. ಮಣ್ಣಿನ ಒಡ್ಡು ಚಕ್ರಗಳ ಕೆಳಗೆ ಕುಸಿಯತೊಡಗಿತು. ಗಾಡಿ ಪಕ್ಕಕ್ಕೆ ವಾಲಿದಾಗ ಕಿಟಕಿಯಲ್ಲಿ ರಸ್ತೆ ಹೋಗಿ ಬರೀ ಖಾಲಿ ಗಾಳಿ ಕಂಡಿತು. ಸ್ವರೂಪಾ ಕಣ್ಣು ಮುಚ್ಚಲಿಲ್ಲ. ಮುಚ್ಚಲು ಅವಳಿಂದ ಆಗಲಿಲ್ಲ. ಟ್ಯಾಂಕರಿಗೆ ಮೂವತ್ತು ಗಜ ಉಳಿದಾಗ ಗಾಡಿ ಮಣ್ಣಿನಲ್ಲಿ ಹೂತು ನಿಂತಿತು.

ವೈರ್‌ಲೆಸ್ ಗೊರಗುಟ್ಟಿತು. ಗಾಡಿ ಯಾಕೆ ನಿಂತಿತು ಎಂದು ಜನಾರ್ದನ್ ಕೇಳುತ್ತಿದ್ದ. ಓದೆಲುವಿನ ಕೈ ಸ್ಟೀರಿಂಗ್ ಬಿಡಲೊಲ್ಲದು. ಮೈಕನ್ನು ಅವಳೇ ಎತ್ತಿಕೊಂಡಳು.

"ಬ್ಲೋವರ್ ಸುಟ್ಟೋಯ್ತು ಸಾರ್. ಪೂರಾ ಟೆಸ್ಟ್ ಮಾಡ್ದೆ ಸಹಿ ಹಾಕಿದ್ದು ನಾನು. ಹಾಕು ಅಂದಿದ್ದು ನೀವು. ಎರಡನ್ನೂ ಬರ್ಕೊಡ್ತೀನಿ."

ಮೈಕನ್ನು ಕೊಕ್ಕೆಗೆ ಸಿಕ್ಕಿಸಿದಳು. ಅವಳು ಒಂದೊಂದೇ ಮೆಟ್ಟಿಲು ತಡಕುತ್ತ ಇಳಿದಳು. ರಸ್ತೆಯಂಚಿನ ಕಲ್ಲೊಂದನ್ನು ಎರಡೂ ಕೈಯಿಂದ ಉರುಳಿಸಿಕೊಂಡು ಬಂದು, ತನಗಿಂತ ಎತ್ತರದ ಚಕ್ರದ ಮುಂದೆ ಒತ್ತಿಟ್ಟಳು. ಆಮೇಲೆ ಇನ್ನೊಂದನ್ನು ತರಲು ಹೋದಳು.