ಬಾಗಿಲೊಳಗಿನ ಕೊಳವೆ

ಕೆಲಸ ಮುಗಿಸಿ ನೇರವಾಗಿ ನನ್ನ ಶೆಡ್ಡಿಗೆ ಬಂದ ಚಿಗುಸಾ ಒಂದು ಥರ್ಮೊಕೋಲ್ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಮುಚ್ಚಳ ತೆಗೆದಳು. ಬಿಳಿ ಹೊಗೆ ಎದ್ದಿತು. ಒಳಗೆ ಡ್ರೈ ಐಸ್.

"ಅಪ್ಪಾ, ಕೈಗವಸು ಹಾಕ್ಕೋ. ಬೆರಳು ಹೋದ್ರೆ ನನ್ನ ಕಾರು ಯಾರು ಮಾಡ್ತಾರೆ?"

"ನಿಂಗೆ ಬೆರಳಿನ ಚಿಂತೆ ಅಲ್ಲ, ಕಾರಿಂದು."

"ಎರಡೂ ಒಂದೇ ಅಲ್ವಾ!"

ಕಾರು ಅವಳಿಗಿಂತ ಹಳೆಯದು. ಎರಡೇ ಸೀಟು, ರೆಪ್ಪೆ ತೆರೆದ ಹಾಗೆ ಮೇಲೆದ್ದು ಬರುವ ಹೆಡ್‌ಲೈಟು. ಅದನ್ನು ರಸ್ತೆಯಲ್ಲಿ ಓಡಿಸಿಕೊಂಡಿದ್ದರೆ ನನಗೆ ನೆಮ್ಮದಿ ಇರುತ್ತಿತ್ತು. ಅವಳಿಗೆ ಅದನ್ನು ಟ್ರ್ಯಾಕಿನಲ್ಲಿ ಓಡಿಸಬೇಕು, ಒಂದು ಸುತ್ತನ್ನು ಒಂದು ನಿಮಿಷದೊಳಗೆ ಮುಗಿಸಬೇಕು. ನಮ್ಮ ಕಡೆ ಇಂಥ ಹಳೆಯ ಕಾರು ಇಟ್ಟುಕೊಂಡವರಿಗೆಲ್ಲ ಇರುವ ಹುಚ್ಚು ಅದು. ಚಳಿಗಾಲ ಬಂದರೆ ಗಾಳಿ ದಟ್ಟವಾಗುತ್ತದೆ, ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ. ಆಗ ತ್ಸುಕುಬಾ ಬೆಟ್ಟದ ಸುತ್ತಮುತ್ತಲ ಟಿಂಕರಿಂಗ್ ಶೆಡ್ಡುಗಳಲ್ಲೆಲ್ಲ ಯಾರದೋ ಒಂದು ಕಾರು ಬಟ್ಟೆ ಬಿಚ್ಚಿಕೊಂಡು ನಿಂತಿರುತ್ತದೆ. ಈ ವರ್ಷ ನನ್ನ ಶೆಡ್ಡಿನಲ್ಲಿ ನನ್ನ ಮಗಳದೇ.

ಕಾರು ಹಗುರವಾದಷ್ಟೂ ವೇಗ ಹೆಚ್ಚು. ಸದ್ದು ತಡೆಯಲೆಂದು ಕಾರಿನ ನೆಲಕ್ಕೆ ಟಾರಿನ ಹಾಳೆ ಅಂಟಿಸಿರುತ್ತಾರೆ. ಅದರ ಮೇಲೆ ಡ್ರೈ ಐಸ್ ಹರಡಿ, ಕಾದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಕ್ಕಿಯ ಸೆಂಬೆ ಬಿಲ್ಲೆ ಮುರಿದ ಹಾಗೆ ಪಟಪಟ ಒಡೆದು ಬರುತ್ತದೆ. ಚಿಗುಸಾ ಒಂದೊಂದು ಚೂರನ್ನೂ ಆರಿಸಿ ಬಕೆಟ್ಟಿಗೆ ಹಾಕಿ, ಬಕೆಟ್ಟನ್ನು ತೂಕಕ್ಕಿಟ್ಟಳು. ಶಾಲೆಗಳಿಗೆ ಊಟ ಕಳಿಸುವ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ದಿನವಿಡೀ ಮಕ್ಕಳ ಸೂಪಿಗೆ ಬೀಳುವ ಕ್ಯಾರೆಟ್ಟು, ಮೀನು, ಮಿಸೋ ತೂಗುವವಳು. ಮನೆಗೆ ಬಂದರೂ ಆ ಚಾಳಿ ಬಿಡದು. ನನ್ನ ಹೆಂಡತಿ ಫುಸಾಎ ದೇವಸ್ಥಾನದಿಂದ ತಂದುಕೊಟ್ಟ ಪ್ರಯಾಣದ ತಾಯಿತವನ್ನೂ ಅಡುಗೆಮನೆಯ ತಕ್ಕಡಿಗೆ ಹಾಕಿ, "ಇದು ಪಾಸ್" ಎಂದು ಇಟ್ಟುಕೊಂಡಿದ್ದಳು.

"ದೇವರನ್ನೂ ತೂಗ್ತೀಯಲ್ಲೇ," ಎಂದು ಫುಸಾಎ ಬೈದರೆ, "ತೂಗಿದ್ಮೇಲೇನೇ ಒಳಗೆ ಬಿಟ್ಕೊಂಡಿದ್ದು, ಅಮ್ಮಾ. ಮರ್ಯಾದೆ ಕೊಟ್ಟಿದೀನಿ," ಎಂದಳು.

ಆಮೇಲೆ ಮಡ್‌ಗಾರ್ಡು. ಅಗಲದ ಟಯರು ಕೂರಬೇಕಾದರೆ ಹಳೆಯ ಕಮಾನನ್ನು ಕತ್ತರಿಸಿ, ಮೇಲೆ ಫೈಬರಿನ ಅಗಲ ಕಮಾನು ಕೂರಿಸಬೇಕು. ಗೆರೆ ಹಾಕಿದವಳು ಅವಳು, ಗ್ರೈಂಡರ್ ಹಿಡಿದವನು ನಾನು. ಕಿಡಿ ಹಾರಿ ಕಮಾನು ಕಾಲ ಬಳಿ ಬಿದ್ದಾಗ ಅವಳು ಚಪ್ಪಾಳೆ ತಟ್ಟಿದಳು. ಮಾಡಲ್ಲ ಎನ್ನಬಹುದಿತ್ತು. ಆದರೆ ನಾನು ಮಾಡದಿದ್ದರೆ ಹೆದ್ದಾರಿ ಪಕ್ಕದ ಇನ್ಯಾವನೋ ಮಾಡುತ್ತಾನೆ, ಕೆಟ್ಟ ಬೆಸುಗೆಯನ್ನು ಪುಟ್ಟಿಯಲ್ಲಿ ಮುಚ್ಚಿ ಕಳಿಸುತ್ತಾನೆ. ಅದಕ್ಕಿಂತ ನನ್ನ ಕೈಯೇ ವಾಸಿ ಎಂದುಕೊಂಡೆ. ಪ್ರತಿ ಸಲವೂ ಹಾಗೇ ಅಂದುಕೊಂಡೆ.

ಬಾಗಿಲಿನ ಮಾತು ಬಂದಾಗ ಮಾತ್ರ ನನ್ನ ಕೈ ನಿಂತಿತು.

"ಕಿಟಕಿ ಎತ್ತೋ ಯಂತ್ರ ತೆಗಿ. ಗಾಜು ಬೇಡ, ಪ್ಲಾಸ್ಟಿಕ್ ಹಾಕು. ಒಳಗಿನ ತಗಡು ಪೂರ್ತಿ ಕತ್ತರಿಸು. ಹೊರಗಿನ ಸಿಪ್ಪೆ ಒಂದಿದ್ರೆ ಸಾಕು."

"ಸಿಪ್ಪೆಯಾ? ಪಕ್ಕಕ್ಕೆ ಯಾವನಾದ್ರೂ ಬಂದು ಗುದ್ದಿದ್ರೆ?"

"ಎಲ್ಲರೂ ಒಂದೇ ಕಡೆ ಹೋಗ್ತಿರ್ತಾರೆ, ಅಪ್ಪಾ. ಅದು ಟ್ರ್ಯಾಕು, ಸೂಪರ್‌ಮಾರ್ಕೆಟ್ ಪಾರ್ಕಿಂಗ್ ಅಲ್ಲ."

"ಜಾರಿ ಅಡ್ಡ ನಿಂತ್ರೆ? ಪಕ್ಕಕ್ಕೆ ಒಂದು ಅಡ್ಡ ಕೊಳವೆ ಹಾಕಿಸ್ಕೋ."

"ಮಗುಚಿದ್ರೆ ತಲೆ ಕಾಯೋಕೆ ಹಿಂದೆ ರೋಲ್ ಬಾರ್ ಇದೆ. ನಿಯಮಕ್ಕೆ ಅಷ್ಟು ಸಾಕು. ಅಡ್ಡ ಕೊಳವೆ ಭಾರ."

ಜಜ್ಜಿದ ಬಾಗಿಲುಗಳನ್ನು ನೋಡಿಯೇ ನನ್ನ ಜೀವನ ಕಳೆದಿದೆ. ಊರಿನವರಿಗೆ ಅದು ತಗಡು. ಬಾಗಿಲು ಎಷ್ಟು ಒಳಗೆ ಬಂದಿದೆ, ಕೂತವರ ಸೊಂಟ ಎಲ್ಲಿತ್ತು ಎಂಬುದು ನನಗೆ ಕೇಳದೆಯೇ ಗೊತ್ತಾಗುತ್ತದೆ. ಕೆಲವು ಕಾರುಗಳ ಮಾಲೀಕರು ತಾವೇ ಬಂದು ತೆಗೆದುಕೊಂಡು ಹೋಗುವುದಿಲ್ಲ. ಅಣ್ಣನೋ ಹೆಂಡತಿಯೋ ಬರುತ್ತಾರೆ. ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ನನ್ನ ಮುಂದೆ ಒಣಗೆಣಸಿನ ಪೊಟ್ಟಣ ಹಿಡಿದು, "ತಿನ್ನು. ಹೊಟ್ಟೆ ಹಸಿದಾಗ ನೀನು ಹೀಗೇ ಮಾತಾಡೋದು," ಎಂದಳು.

ಬಾಗಿಲುಗಳನ್ನು ಅವಳು ಹೇಳಿದಂತೆಯೇ ಟೊಳ್ಳು ಮಾಡಿದೆ. ಅವಳು ಕೆಲಸಕ್ಕೆ ಹೋಗಿದ್ದಾಗ ಬಲಗಡೆಯದಕ್ಕೆ, ಅಂದರೆ ಅವಳು ಕೂರುವ ಕಡೆಯದಕ್ಕೆ, ಒಂದು ಉಕ್ಕಿನ ಕೊಳವೆ ಬಗ್ಗಿಸಿ ಕೂರಿಸಿ ಬೆಸೆದೆ. ಅದರ ಮೇಲೆ ತೆಳು ತಗಡು ಮುಚ್ಚಿ, ಅಂಚು ಉಜ್ಜಿ, ಹಳೆಯ ಬಣ್ಣಕ್ಕೆ ಹೊಂದುವ ಹಾಗೆ ಬಣ್ಣ ಹೊಡೆದು, ಅಲ್ಲಲ್ಲಿ ಮಾಸಿದಂತೆ ಮಾಡಿದೆ. ಎಡಗಡೆಗೂ ಅದೇ ತರಹದ ತಗಡು ಮುಚ್ಚಿದೆ, ಎರಡೂ ಒಂದೇ ಎನಿಸಲಿ ಎಂದು. ಕೇಳಿದರೆ ಕತ್ತರಿಸಿದ ಅಂಚು ಕೈ ಕೊಯ್ಯದಿರಲಿ ಎಂದು ಹಾಕಿದೆ ಅಂದರಾಯಿತು. ರಿಪೇರಿ ಆದದ್ದು ಯಾರ ಕಣ್ಣಿಗೂ ಬೀಳಬಾರದು. ನಮ್ಮ ಕಸುಬೇ ಅದು. ಆ ಬಾಗಿಲು ನಾನು ಮಾಡಿದ ಕೆಲಸಗಳಲ್ಲೆಲ್ಲ ಚೆನ್ನಾಗಿತ್ತು.

ಚಹಾ ತಂದ ಫುಸಾಎ ಅದನ್ನು ನೋಡುತ್ತ ನಿಂತಳು.

"ಅವಳಿಗೆ ಹೇಳಿದೀರಾ?"

"ಹೇಳಿದ್ರೆ ಬೇಡ ಅಂತಾಳೆ."

"ಬೇಡ ಅಂದಿದ್ದನ್ನ ಹಾಕೋದು ಸರೀನಾ, ರೀ?"

"ಹಾಗಾದ್ರೆ ತೆಗೀಲಾ? ಹೇಳು. ನೀನು ತೆಗಿ ಅಂದ್ರೆ ತೆಗೀತೀನಿ."

ಅವಳು ಲೋಟ ಕೆಳಗಿಟ್ಟು ಹೊರಟುಹೋದಳು.

ಕಾರಿನ ಸಸ್ಪೆನ್ಶನ್ ಹೊಂದಿಸುವವನು ನನ್ನ ಹಳೆಯ ಗೆಳೆಯ ಹಿಕಿತಾ. ಅವನ ಗ್ಯಾರೇಜಿನ ನೆಲದಲ್ಲಿ ನಾಲ್ಕು ತಕ್ಕಡಿಗಳಿವೆ, ಒಂದೊಂದು ಚಕ್ರಕ್ಕೆ ಒಂದೊಂದು. ಯಾವ ಮೂಲೆಯಲ್ಲಿ ಎಷ್ಟು ಭಾರ ಬೀಳುತ್ತದೆ ಎಂದು ನೋಡಿ ಸ್ಪ್ರಿಂಗು ತಿರುಗಿಸುವುದು ಅವನ ಕೆಲಸ. ಅವನು ಹಾಗೆ ತೂಗುತ್ತಾನೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಬಾಗಿಲು ಮುಚ್ಚಿ ಬಣ್ಣ ಹೊಡೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಕಣ್ಣು ಮಾತ್ರ. ಯಾರೂ ನೋಡಿ ಹಿಡಿಯಲಾರರು ಎಂಬಲ್ಲಿಗೆ ನನ್ನ ಯೋಚನೆ ಮುಗಿದಿತ್ತು.

ಕಾರನ್ನು ಅಲ್ಲಿಗೆ ಒಯ್ದು ನಿಲ್ಲಿಸಿದಾಗ ಹಿಕಿತಾ ತಕ್ಕಡಿಯ ಪರದೆ ನೋಡಿ ತಲೆ ಕೆರೆದುಕೊಂಡ. "ಬಲಗಡೆ ಭಾರ ಬರ್ತಿದೆಯಲ್ಲ. ಏನಮ್ಮಾ ಚಿಗುಸಾ, ಹೊಸ ವರ್ಷದ ಮೋಚಿ ಕಡುಬು ಜಾಸ್ತಿ ಆಯ್ತಾ?"

"ನಾನಿನ್ನೂ ಒಳಗೇ ಕೂತಿಲ್ಲ, ಹಿಕಿತಾ ಮಾಮಾ!"

"ಓ! ಹಾಗಾದ್ರೆ ನೀನು ತಿಂದ ಮೋಚಿಯ ದೆವ್ವ ಕೂತಿರ್ಬೇಕು."

ಅವರು ಸೀಟು ನೋಡಿದರು, ಬ್ಯಾಟರಿ ನೋಡಿದರು, ತಕ್ಕಡಿಗಳನ್ನು ಅದಲುಬದಲು ಮಾಡಿದರು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಈಗ ಹೇಳಿಬಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ಚಿಗುಸಾ ಎಡ ಬಾಗಿಲನ್ನು ಒಂದು ಬೆರಳಲ್ಲಿ ತಳ್ಳಿದಳು. ಅದು ಹಗುರವಾಗಿ ಹೋಗಿ ಮುಚ್ಚಿಕೊಂಡಿತು. ಈ ಕಡೆ ಬಂದು ಬಲ ಬಾಗಿಲನ್ನು ತಳ್ಳಿದಳು. ಅದು ಸೋಮಾರಿಯ ಹಾಗೆ ಅರ್ಧಕ್ಕೆ ನಿಂತಿತು.

ಗೆಣ್ಣಿನಿಂದ ತಟ್ಟಿದಳು. ಟಣ್ ಅನ್ನಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. ಹಿಕಿತಾ ಅವಳನ್ನು ನೋಡಿದ, ನನ್ನನ್ನು ನೋಡಿದ. "ಒಂದು ಸಿಗರೇಟು... ಅಲ್ಲ, ಕಾಫಿ ತರ್ತೀನಿ," ಎಂದು ಏನೋ ತೊದಲಿ ಹೊರಗೆ ಹೋದ. ಅವನು ಸಿಗರೇಟು ಬಿಟ್ಟು ಬಹಳ ಕಾಲವಾಗಿತ್ತು.

ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

"ಎಷ್ಟು ಚೆನ್ನಾಗಿ ಮುಚ್ಚಿದೀಯ, ಅಪ್ಪಾ," ಎಂದಳು. "ಗೊತ್ತೇ ಆಗಲ್ಲ."

"ಇರಲಿ ಬಿಡು. ಈಗ ಗೊತ್ತಾಯ್ತಲ್ಲ. ಅದಕ್ಕೆ ತಕ್ಕ ಹಾಗೆ ಸ್ಪ್ರಿಂಗು ಹೊಂದಿಸ್ಕೋ."

"ಕೊನೆ ತಿರುವಿಗೆ ಹೋಗುವಾಗ ಕಾರು ಏನು ಮಾಡುತ್ತೆ ಅಂತ ನಂಗೆ ಗೊತ್ತಿರ್ಬೇಕು. ನನ್ನ ಹತ್ರ ಇರೋದು ಅದೊಂದೇ. ಇದ್ರಲ್ಲಿ ಇನ್ನೇನು ಮುಚ್ಚಿಟ್ಟಿದೀಯೋ ಅಂತ ಯೋಚ್ನೆ ಮಾಡ್ಕೊಂಡು ಅಲ್ಲಿ ಬ್ರೇಕ್ ತುಳೀಲಾ?"

"ಇನ್ನೇನೂ ಇಲ್ಲ. ನಿಮ್ಮಮ್ಮನಾಣೆ."

"ಅಮ್ಮಂಗೂ ಗೊತ್ತಾ?"

ನಾನು ನೆಲದ ತಕ್ಕಡಿಗಳ ಕಡೆ ನೋಡಿದೆ.

"ತೆಗಿ ಅಪ್ಪಾ," ಎಂದಳು. ದನಿ ಎತ್ತಲಿಲ್ಲ. "ನೀನೇ ತೆಗಿ. ಬೇರೆಯವರ ಕೈಗೆ ಈ ಬಾಗಿಲು ಕೊಡಲ್ಲ ನಾನು."

ಅಷ್ಟು ಸಿಟ್ಟಿನಲ್ಲೂ ಅವಳು ಅದನ್ನು ನನಗೇ ಬಿಟ್ಟಳು. ಬೇರೆಯವನಿಗೆ ಕೊಡುತ್ತೇನೆ ಎಂದಿದ್ದರೆ ಜಗಳ ಮಾಡಲು ಒಂದು ದಾರಿಯಾದರೂ ಇರುತ್ತಿತ್ತು.

ಶೆಡ್ಡಿಗೆ ವಾಪಸು ತಂದು ತಗಡು ಬಿಚ್ಚಿದೆ. ಅವಳು ಎರಡು ಕೈಯಲ್ಲಿ ಬಾಗಿಲು ಹಿಡಿದುಕೊಂಡಳು, ನಾನು ಬೆಸುಗೆ ಕತ್ತರಿಸಿದೆ. ಗಟ್ಟಿಯಾಗಿ ಬೆಸೆದಿದ್ದೆ; ಸುಲಭಕ್ಕೆ ಬರಲಿಲ್ಲ. ಕೊನೆಗೂ ಕಳಚಿಬಂದ ಕೊಳವೆ ಇನ್ನೂ ಬಿಸಿಯಿತ್ತು. ಚಿಗುಸಾ ಅದನ್ನು ತೂಗಲಿಲ್ಲ. ಗೋಡೆಗೆ ಆನಿಸಿಟ್ಟು, ಬಾಗಿಲನ್ನು ಬೆರಳಲ್ಲಿ ತಳ್ಳಿದಳು. ಖಾಲಿ ಡಬ್ಬಿಯ ಸದ್ದು ಮಾಡಿ ಅದು ಮುಚ್ಚಿಕೊಂಡಿತು.

"ಈಗ ಸರಿ," ಎಂದಳು.

ಟ್ರ್ಯಾಕಿಗೆ ಹೋದ ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕಟ್ಟಿತ್ತು. ಫುಸಾಎ ಬರಲಿಲ್ಲ, ಅನ್ನದ ಉಂಡೆ ಕಟ್ಟಿಕೊಟ್ಟು ಬಾಗಿಲಲ್ಲೇ ನಿಂತಳು. ಕಾರಿನ ಮುಂದಿನ ಸಂದುಗಳಿಗೆ ಗಾಳಿ ನುಗ್ಗದ ಹಾಗೆ ನಾನು ಟೇಪು ಅಂಟಿಸಿದೆ. ಚಿಗುಸಾ ಹೆಲ್ಮೆಟ್ ಹಾಕಿಕೊಂಡು ಕೂತಳು. ತಲೆಯ ಹಿಂದೆ ರೋಲ್ ಬಾರಿಗೆ ಅಮ್ಮನ ತಾಯಿತ ಕಟ್ಟಿತ್ತು. ಅವಳ ಸೀಟಿನ ಪಟ್ಟಿಗಳನ್ನು ಎಳೆದು ಬಿಗಿ ಮಾಡಿದೆ. ಸಣ್ಣವಳಿದ್ದಾಗ ಕಿಮೊನೋದ ನಡುಪಟ್ಟಿ ಬಿಗಿದಾಗ ಮಾಡುತ್ತಿದ್ದಂತೆಯೇ "ಅಯ್ಯೋ, ಉಸಿರು ಕಟ್ಟತ್ತೆ" ಎಂದಳು. ಬಾಗಿಲು ನಾನೇ ಹಾಕಿದೆ. ತಳ್ಳಬೇಕಾಗಲಿಲ್ಲ.

ಕಾರುಗಳು ಬಂದು ನಿಲ್ಲುವ ಪಿಟ್ಟಿನ ಕಟ್ಟೆಯ ಬಳಿ ನಿಂತವರಿಗೆ ನೇರ ದಾರಿಯಲ್ಲಿ ಹಾಯುವ ಕಾರಿನ ಬಲಗಡೆಯೇ ಕಾಣುತ್ತದೆ. ಹಿಕಿತಾ ಕೈಗಡಿಯಾರ ನೋಡುತ್ತ ಪ್ರತಿ ಸುತ್ತಿಗೂ ಏನೋ ಅಂಕಿ ಕೂಗುತ್ತಿದ್ದ. ನಾನು ನೋಡುತ್ತಿದ್ದದ್ದು ಬಾಗಿಲನ್ನು. ಅವಳು ಹಾದುಹೋಗುವಾಗ ತಗಡು ಗಾಳಿಗೆ ನಡುಗುವುದು ಕಾಣುತ್ತಿತ್ತು. ಆಮೇಲೆ ಅವಳು ಮೊದಲ ತಿರುವಿನಲ್ಲಿ ಮರೆಯಾಗುತ್ತಿದ್ದಳು. ಬರೀ ಸದ್ದು ಉಳಿಯುತ್ತಿತ್ತು. ಒಮ್ಮೆ ದೂರ, ಒಮ್ಮೆ ಹತ್ತಿರ. ಸದ್ದು ತಗ್ಗಿದಾಗೆಲ್ಲ ನನ್ನ ಕೈ ಕಟ್ಟೆಯ ಅಂಚು ಹಿಡಿಯುತ್ತಿತ್ತು. ಹಿಡಿದು ಮಾಡುವುದು ಏನೂ ಇರಲಿಲ್ಲ.

ಸಮಯ ಮುಗಿದು ಅವಳು ಒಳಗೆ ಬಂದಳು. ಹೆಲ್ಮೆಟ್ ತೆಗೆದಾಗ ಕೂದಲೆಲ್ಲ ಬೆವರಿಗೆ ಹಣೆಗೆ ಅಂಟಿತ್ತು. ಹಿಕಿತಾ ಹೆಬ್ಬೆರಳು ತೋರುಬೆರಳು ಹತ್ತಿರ ತಂದು, "ಇಷ್ಟೇ ಇಷ್ಟರಲ್ಲಿ ಹೋಯ್ತು," ಎಂದ. ಸುತ್ತು ಒಂದು ನಿಮಿಷದೊಳಗೆ ಮುಗಿದಿರಲಿಲ್ಲ.

ಚಿಗುಸಾ ಉಂಡೆಯ ಸುತ್ತಲಿನ ನೋರಿ ಪಾಚಿಯ ಹಾಳೆ ಬಿಡಿಸಿ ಒಂದು ತುತ್ತು ಕಚ್ಚಿ, ಕಾರನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಹತ್ತಿರ ಬಂದಳು.

"ಅಪ್ಪಾ, ಆ ಬಾಗಿಲಿನ ಹೊರಗಿನ ತಗಡೂ ತೆಗೆದು ಫೈಬರಿಂದೇ ಮಾಡಿದ್ರೆ ಎಷ್ಟು ಭಾರ ಕಮ್ಮಿ ಆಗುತ್ತೆ?"

"ಸುಮಾರು ಆಗುತ್ತೆ."

"ನೀನು ಮಾಡ್ತೀಯಾ?"

ನಾನು ಬಗ್ಗಿ ಬಾಗಿಲಿನ ಅಂಚಿಗೆ ಬೆರಳಿಟ್ಟೆ. ಚಳಿಗೆ ತಗಡು ಕೊರೆಯುತ್ತಿತ್ತು. ಕೀಲಿನಿಂದ ಚಿಲಕದವರೆಗೆ ಗೇಣು ಹಾಕುತ್ತ ಹೋದೆ.