ಕೆಮ್ಮಿಲ್ಲದ ಹಾಡು

ಗಾಯಕ ರಿಮೋಟ್ ಒತ್ತಿ ಆ ಹಾಡನ್ನೂ ದಾಟಿಸಿದ. ಅದರಲ್ಲೂ ಕೆಮ್ಮು.

“ಟಿವಿ ಆರಿಸಪ್ಪ,” ಎಂದಳು ಅವನ ಹೆಂಡತಿಯ ಅಕ್ಕ. “ಅವಳಿನ್ನೂ ಇಲ್ಲೇ ಮಲಗಿದ್ದಾಳೆ.”

“ಅದಕ್ಕೇ ಅತ್ತಿಗೆ. ನಾಲ್ಕು ಜನ ಬರ್ತಾರೆ, ಅವಳು ಕ್ಯಾಮೆರಾದಲ್ಲಿ ಹಿಡಿದಿದ್ದನ್ನೇ ಹಾಕೋಣ ಅಂತ. ಒಂದಾದ್ರೂ ನೆಟ್ಟಗಿದೆಯಾ ನೋಡಿ! ನಾನು ಸ್ವರ ಎತ್ತೋ ಹೊತ್ತಿಗೇ ಖೊಕ್ ಅಂತಾಳೆ.”

“ಡಾಕ್ಟರಿಗೆ ತೋರಿಸಬೇಕಿತ್ತು.”

“ಸಾಲುಸಾಲು ಕಾರ್ಯಕ್ರಮ. ಎಲ್ಲಿತ್ತು ಪುರುಸೊತ್ತು?”

ಮಗಳು ಅಮ್ಮನ ತಲೆಯ ಬಳಿ ಕೂತಿದ್ದಳು. ಅಲ್ಲಿದ್ದ ದೀಪಕ್ಕೆ ಎಣ್ಣೆ ಹೊಯ್ದಳು.

*

ಕ್ಯಾಮೆರಾ ಕೊಳ್ಳಲು ಗಂಡ ಹೆಂಡತಿ ಹೋಗಿದ್ದ ದಿನ ಅಂಗಡಿಯವನು ಗಾಜಿನ ಮೇಲೆ ಎರಡನ್ನೂ ಇಟ್ಟಿದ್ದ: ಅಂಗೈಯಗಲದ ಕಾಂಪ್ಯಾಕ್ಟ್ ಕ್ಯಾಮೆರಾ, ಪಕ್ಕದಲ್ಲಿ ದಪ್ಪನೆಯ ಕ್ಯಾಮ್‌ಕಾರ್ಡರ್. ಚಿಕ್ಕದು ಆಗಲೇ ಅವಳ ಕೈಯಲ್ಲಿತ್ತು.

“ಅದು ಹಗುರ ಅಮ್ಮ. ಆದ್ರೆ ಅರ್ಧ ಗಂಟೆಗೊಂದ್ಸಲ ತಾನೇ ನಿಂತುಬಿಡುತ್ತೆ, ಮತ್ತೆ ಒತ್ತಬೇಕು. ಇದಾದ್ರೆ ಕಾರ್ಯಕ್ರಮ ಮುಗಿಯೋವರೆಗೂ ಓಡುತ್ತೆ.”

“ನಿಂತ್ರೆ ಒಳ್ಳೇದೇ ಆಯ್ತು,” ಎಂದಳು. “ಅಷ್ಟರಲ್ಲಿ ಹೊರಗೆ ಹೋಗಿ ಕೆಮ್ಮಿ ಬರ್ತೀನಿ.”

ಅಂಗಡಿಯವನು ನಕ್ಕ. ಗಾಯಕ ನಗಲಿಲ್ಲ. “ನೀನು ಕೆಮ್ಮಲಿ ಅಂತ ನಾನು ಹಾಡು ನಿಲ್ಲಿಸ್ಲಾ?” ಎಂದು ಕ್ಯಾಮ್‌ಕಾರ್ಡರನ್ನು ಅವಳತ್ತ ತಳ್ಳಿದ.

“ಜೊತೆಗೊಂದು ಸ್ಟ್ಯಾಂಡ್ ಕೊಡ್ಲಾ ಸಾರ್?”

“ನಾನು ಯಾವಾಗ ಕೈ ಎತ್ತುತ್ತೀನಿ ಅಂತ ಸ್ಟ್ಯಾಂಡಿಗೆ ಗೊತ್ತಾಗುತ್ತೇನ್ರೀ? ಇವಳಿಗೆ ಗೊತ್ತು.”

ಅದನ್ನು ಹೊಗಳಿಕೆ ಎಂದುಕೊಂಡು ಅವಳು ಮನೆ ತಲುಪುವವರೆಗೂ ಖುಷಿಯಾಗಿದ್ದಳು.

*

ಕುರ್ಚಿಗಳು ತುಂಬಿದವು. ತಬಲಾದವನು ಅವಳ ಪಾದದ ಬಳಿ ಹೂವಿಟ್ಟು ಬಂದು ಗಾಯಕನ ಕೈ ಹಿಡಿದ. “ಒಂದು ಕಾರ್ಯಕ್ರಮಾನೂ ತಪ್ಪಿಸಿದೋರಲ್ಲ.”

“ತಪ್ಪಿಸಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು,” ಎಂದವನು ಸಟ್ಟನೆ ಕೈ ಬಿಡಿಸಿಕೊಂಡ. “ಸಿಕ್ತು! ಹೋದ ತಿಂಗಳದ್ದು. ಒಂದೇ ಒಂದು ಕೆಮ್ಮಿಲ್ಲ. ಹಿಂದಿನ ದಿನ ಸರಿಯಾಗಿ ಉಗಿದಿದ್ದೆ ನೋಡಿ, ಅದಕ್ಕೆ.”

ಟಿವಿಯ ಧ್ವನಿ ಏರಿಸಿದ.

ಆ ಕಾರ್ಯಕ್ರಮದಂದು ಮಗಳು ಅಮ್ಮನ ಪಕ್ಕದಲ್ಲೇ ಕೂತಿದ್ದಳು. ಅಮ್ಮ ಶಾಲಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು. “ಹೊರಗೆ ಹೋಗೋಣಮ್ಮ” ಎಂದರೆ ಬೇಡವೆಂದು ತಲೆಯಾಡಿಸಿದ್ದಳು; ಕ್ಯಾಮೆರಾ ಇಳಿಸಿರಲಿಲ್ಲ.

ಹಾಡು ತಿಳಿಯಾಗಿ ಹರಿದು ಬಂತು. ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರದೆಯ ಮೇಲೆ ವೇದಿಕೆ, ದೀಪಗಳು, ಗಾಯಕನ ಎತ್ತಿದ ಕೈ, ಎಲ್ಲವೂ ಗಡಗಡ ಕುಲುಕಿ, ತುಸು ನಿಂತು, ಮತ್ತೆ ಕುಲುಕುತ್ತಿದ್ದವು. ಗಾಯಕ ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿದ್ದ.