ಇನ್ನೂರ ಹನ್ನೆರಡನೇ ಕಟ್ಟು

“ಲೇ ಧೂಳಪ್ಪ, ನಿಮ್ಮಂಥೋರಿಗೆಲ್ಲ ವಂಶವೃಕ್ಷ ಬೇರೆ ಕೇಡು! ಮುತ್ತಜ್ಜಿ ಬೇಕಂತೆ, ಮುತ್ತಜ್ಜಿ. ಮೊದಲು ನಿಮ್ಮಪ್ಪ ಯಾರು ಅಂತ ಗೊತ್ತೇನೋ ಬೋಳಿಮಗನೆ?”

“ಗೊತ್ತು ಸ್ವಾಮಿ,” ಎಂದ ಅಪ್ಪ. “ಇಲ್ಲೇ ಕಟ್ಟು ಹೊತ್ತು ಹೊತ್ತು ಸತ್ತ.”

ಹೆಡ್ ಗುಮಾಸ್ತರು ನಕ್ಕರು. ಅವರಿಗೆ ನಗು ಬಂತೆಂದರೆ ಕೆಲಸ ಅರ್ಧ ಆದ ಹಾಗೆ. ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಹಳೇ ಕಾಗದದ ಕಟ್ಟುಗಳನ್ನು ಕಪಾಟಿನಿಂದ ಇಳಿಸಿ ಹೊರುವುದು, ಸಂಜೆಗೆ ಮತ್ತೆ ಏರಿಸುವುದು ಅಪ್ಪನ ಮೂವತ್ತೊಂದು ವರ್ಷದ ಕೆಲಸ. ಧೂಳಪ್ಪ ಎಂಬುದು ಕಚೇರಿ ಇಟ್ಟ ಹೆಸರು. ಹಾಜರಿ ಪುಸ್ತಕದಲ್ಲಿ ಬೇರೇನೋ ಇದೆ. ಅದನ್ನು ಕೂಗಿದರೆ ಅಪ್ಪನೇ ತಿರುಗಿ ನೋಡುವುದಿಲ್ಲ.

“ಹೋಗ್ಲಿ, ಮಧ್ಯಾಹ್ನ ಊಟದ ಹೊತ್ತಲ್ಲಿ ನಿನ್ನ ಮಗಳು ರಿಜಿಸ್ಟರ್ ನೋಡ್ಲಿ. ಪುಟ ಹರಿದ್ರೆ ನಿನ್ನ ಚರ್ಮ ಸುಲೀತೀನಿ.”

ನಾನು ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಊರವರ ಜಗಳಗಳನ್ನೆಲ್ಲ ಮೂರು ಮೂರು ಪ್ರತಿ ತೆಗೆಯುತ್ತಾ ಓದಿಕೊಂಡವಳು. ಅಪ್ಪನಿಗೆ ಅಂಕಿ ಬಿಟ್ಟರೆ ಅಕ್ಷರ ಬಾರದು. ಹಾಗಾಗಿ ಸತ್ತವರನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಹನ್ನೊಂದು ಮನೆಗಳ ಸಾಲಿಗೆ ನೋಟೀಸು ಅಂಟಿಸಿದ್ದರು. ಜಾಗ ಧಣಿಗಳದು, ಅಲ್ಲ ಎನ್ನುವವರು ಶನಿವಾರದೊಳಗೆ ಕಾಗದ ತೋರಿಸಬೇಕು, ಇಲ್ಲವಾದರೆ ಗೋಡೆ ಕೆಡವಲಾಗುವುದು. ನಮ್ಮ ಹತ್ತಿರ ಕಾಗದವಿರಲಿಲ್ಲ, ಕಥೆಯಿತ್ತು. ಬಿಳಿಯರ ಕಾಲದಲ್ಲಿ ಈಗಿನ ಧಣಿಯ ತಾತನ ಅಪ್ಪ ಇದೇ ಜಾಗಕ್ಕಾಗಿ ಅಪ್ಪನ ಮುತ್ತಜ್ಜಿಯ ಮೇಲೆ ದಾವೆ ಹಾಕಿದ್ದನಂತೆ. ಅವಳು ಕೂಸನ್ನೆತ್ತಿಕೊಂಡು ಕೋರ್ಟಿಗೆ ನಡೆದು ಹೋಗಿ, ಗೆದ್ದು, ನಡೆದೇ ವಾಪಸು ಬಂದಳಂತೆ. ಅವಳ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಸುಣ್ಣದ ಗೂಡಿನಲ್ಲಿ ದುಡಿಯುತ್ತಿದ್ದಳು, ಎಲ್ಲರೂ ಸುಣ್ಣದವ್ವ ಎಂದರು. ಸತ್ತಾಗಲೂ ಸುಣ್ಣದವ್ವ ಹೋದಳು ಅಂತಲೇ ಅತ್ತರು.

ನಾಲ್ಕು ದಿನ ಊಟ ಬಿಟ್ಟು ರಿಜಿಸ್ಟರ್ ತಿರುವಿದೆ. ಆ ಕಾಲದ ಬರಹಗಾರರಿಗೆ ಮಸಿಯ ಬಗ್ಗೆ ಬಹಳ ಲೆಕ್ಕಾಚಾರವಿತ್ತು. ಧಣಿಗಳ ಹೆಸರಿಗೆ ಬಿರುದು ಬಾವಲಿ ಸೇರಿಸಿ ಮೂರು ಸಾಲು. ನಮ್ಮವರ ಹೆಸರಿನ ಜಾಗದಲ್ಲಿ ‘ಒಬ್ಬ ಕೂಲಿ’, ‘ಇನ್ನೊಬ್ಬ ಕೂಲಿ’, ‘ಸದರಿ ಕೂಲಿಯ ಹೆಂಡತಿ’. ನಾಲ್ಕನೇ ದಿನ ಸಿಕ್ಕಿತು.

“ಅಪ್ಪಾ, ಕೇಳು. ‘ಪ್ರತಿವಾದಿ: ಸುಣ್ಣ ಸುಡುವ ವಿಧವೆ. ವಯಸ್ಸು ಸುಮಾರು ಮೂವತ್ತು. ಕಂಕುಳಲ್ಲಿ ಕೂಸು. ದಾವೆ ವಜಾ.’”

“ಕೂಸು ಅಂತ ಬರ್ದಿದಾರಾ?”

“ಹ್ಞೂಂ.”

“ಇನ್ನೊಂದ್ಸಲ ಓದು.” ಓದಿದೆ. “ಆ ಕೂಸು ನಮ್ಮಜ್ಜ ಕಣೆ,” ಎಂದು ಅಪ್ಪ ಹೆಗಲ ಮೇಲಿನ ಬಟ್ಟೆಯಿಂದ ಮೂಗೊರೆಸಿಕೊಂಡ. “ಕೋರ್ಟಿನ ತುಂಬ ಅಳ್ತಿದ್ನೋ ಏನೋ ಕಳ್ಳ. ಅದಕ್ಕೇ ಬರ್ಕೊಂಡಿದಾರೆ.”

“ಅವಳ ಹೇಳಿಕೆ, ಹೆಸರು, ಜಾಗದ ನಕ್ಷೆ, ತೀರ್ಪು ಎಲ್ಲ ಕಟ್ಟಲ್ಲಿದೆಯಂತೆ. ಇನ್ನೂರ ಹನ್ನೆರಡು.”

ಅಪ್ಪನಿಗೆ ಯಾವ ನಂಬರು ಯಾವ ಕಪಾಟಿನಲ್ಲಿದೆ ಎಂದು ಕತ್ತಲಲ್ಲೂ ಗೊತ್ತು. ಏಳಲಿಲ್ಲ.

“ತೆಳ್ಳಗಿತ್ತು ಅದು,” ಎಂದ. “ಒಂದೇ ಕೈಲಿ ಹಿಡೀಬಹುದಿತ್ತು.”

“ಇತ್ತು ಅಂದ್ರೆ?”

ಜಮೀನಿನ ತೀರ್ಪುಗಳ ಕಟ್ಟಿಗೆ ಕೆಂಪು ಪಟ್ಟಿ; ಅವು ಶಾಶ್ವತ. ಕೆಲಸಕ್ಕೆ ಬಾರದವಕ್ಕೆ ಬಿಳಿ ದಾರ. ಅವು ಕಾಗದದ ಕಾರ್ಖಾನೆಗೆ. ಇನ್ನೂರ ಹನ್ನೆರಡರ ಕೆಂಪು ಪಟ್ಟಿ ಗೆದ್ದಲು ತಿಂದು ಉದುರಿ ಹೋಗಿತ್ತು. ಹಾಳೆಗಳು ಚೆಲ್ಲಾಪಿಲ್ಲಿಯಾಗಬಾರದೆಂದು ಅಪ್ಪ ಧೂಳು ಕೊಡವಿ, ಅಂಚು ಜೋಡಿಸಿ, ಕೈಗೆ ಸಿಕ್ಕ ದಾರದಿಂದ ಕಟ್ಟಿಟ್ಟಿದ್ದ. ಕೈಗೆ ಸಿಕ್ಕಿದ್ದು ಬಿಳಿ ದಾರ. ಯಾರೂ ಹೇಳಿರಲಿಲ್ಲ, ಹೇಳದೆಯೇ ಮಾಡಿದ್ದ. ಆರು ವರ್ಷದ ಹಿಂದೆ ಬಿಳಿ ದಾರದವನ್ನೆಲ್ಲ ಸಾಗಿಸಿ ಎಂದು ಹುಕುಂ ಬಂದಾಗ ಒಂದೊಂದನ್ನೂ ಬಿಚ್ಚಿ ನೋಡಬೇಕಿದ್ದವರು ಹೆಡ್ ಗುಮಾಸ್ತರು. ಅವರು ಕುರ್ಚಿಯಿಂದ ಏಳಲಿಲ್ಲ. ಅಪ್ಪ ಸುಣ್ಣದವ್ವನನ್ನು ತಾನೇ ಎತ್ತಿಕೊಂಡು ಹೋಗಿ ಲಾರಿಗೆ ಹಾಕಿದ್ದ.

ಗುಮಾಸ್ತರು ನಾಶದ ರಿಜಿಸ್ಟರ್ ತೆಗೆದು ತೋರಿಸಿದರು. ೨೧೨. ‘ಪರಿಶೀಲಿಸಿ ಸಾಗಿಸಿದವರು’ ಎಂಬಲ್ಲಿ ಒಂದು ಹೆಬ್ಬೆಟ್ಟು.

“ನಿಂದೇ ಅಲ್ವೇನೋ?”

“ನಂದೇ ಸ್ವಾಮಿ.”

“ಮತ್ತೆ? ಸರ್ಕಾರದ್ದೇನು ತಪ್ಪು? ನಿನ್ನ ಮುತ್ತಜ್ಜೀನ ನೀನೇ ರದ್ದಿಗೆ ಹಾಕಿದ್ಯಲ್ಲೋ!” ಹೊಟ್ಟೆ ಹಿಡಿದುಕೊಂಡು ನಕ್ಕರು.

“ದಾವೆ ವಜಾ ಅಂತ ಈ ರಿಜಿಸ್ಟರಲ್ಲಿ ಇದೆಯಲ್ಲ ಸಾರ್,” ಎಂದೆ. “ಇದರ ನಕಲು ಕೊಡಿ.”

“ಹೆಸರಿಲ್ಲ, ನಕ್ಷೆ ಇಲ್ಲ. ಪ್ರಪಂಚದಲ್ಲಿ ಸುಣ್ಣ ಸುಡೋ ವಿಧವೆ ನಿಮ್ಮಜ್ಜಿ ಒಬ್ಳೇ ಏನಮ್ಮ?”

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತ ಅಪ್ಪ ಬಲಗೈಯನ್ನು ತಟ್ಟೆಗೆ ಹಾಕಲಿಲ್ಲ. ಅದನ್ನೇ ನೋಡುತ್ತಾ ಕೂತಿದ್ದ. ಅವ್ವ “ಇದೇನು ಇವತ್ತು ಹೊಸದಾಗಿ ಕೈ ಬಂದೋರ ಹಾಗೆ” ಎಂದು ಚೇಷ್ಟೆ ಮಾಡಲು ಹೋಗಿ, ಅವನ ಮುಖ ನೋಡಿ ನೀರಿನ ಲೋಟವನ್ನು ಅವನ ಹತ್ತಿರ ಸರಿಸಿದಳು.

ಶುಕ್ರವಾರ ರದ್ದಿ ಲಾರಿ ಬಂತು. ಈ ಸಲ ನಲವತ್ತು ಕಟ್ಟು, ಎಲ್ಲ ಬಿಳಿ ದಾರದವು. ಅಪ್ಪ ಒಂದೊಂದಾಗಿ ಹೊತ್ತು ತಂದ. ಲಾರಿಗೆ ಏರಿಸಲಿಲ್ಲ. ಅಂಗಳದ ನಡುವೆ ಒಟ್ಟಿ, ಅದರ ಮುಂದೆ ಕೂತು, ಎದುರಿನ ಅಂಗಡಿಯಲ್ಲಿದ್ದ ನನ್ನನ್ನು ಕೂಗಿ ಕರೆದ.

“ಓದು ಮಗಳೇ. ಗಟ್ಟಿಯಾಗಿ.”

ವಾಯಿದೆಗೆಂದು ಬಂದು ಬಿಸಿಲಲ್ಲಿ ಕೂತಿದ್ದ ಜನ ಕತ್ತೆತ್ತಿ ನೋಡಿದರು. ಓದಿದೆ.

“‘ಮೂರನೇ ಆರೋಪಿ, ಬುಟ್ಟಿ ಹೆಣೆಯುವವನು. ಎಡಗಾಲು ಕುಂಟು. ಹೊಲದಲ್ಲಿ ನೀರು ಕುಡಿದದ್ದಕ್ಕೆ ಹನ್ನೆರಡು ಛಡಿ.’”

ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಎದ್ದು ಬಂದಳು. “ಯಾವೂರು ಅಂತ ಬರ್ದಿದಾರವ್ವ?”

ಹೇಳಿದೆ. ಅವಳು ಕೂತುಬಿಟ್ಟಳು. “ನಮ್ಮ ತಾತ. ಬೆನ್ನ ಮೇಲೆ ಗೆರೆ ಇತ್ತು. ಮುಟ್ಟೋಕೆ ಬಿಡ್ತಿರ್ಲಿಲ್ಲ.”

ಅಪ್ಪ ಆ ಹಾಳೆಯನ್ನು ಬಿಡಿಸಿ ಅವಳ ಕೈಗಿಟ್ಟ.

ಹೆಡ್ ಗುಮಾಸ್ತರು ಮೆಟ್ಟಿಲಿಳಿದು ಓಡಿ ಬಂದರು. “ಲೇ ಹಲ್ಕಾ, ಸರ್ಕಾರದ ಆಸ್ತಿ ಕಣೋ ಅದು! ಒಳಗೆ ಹಾಕಿಸ್ತೀನಿ!”

“ರದ್ದಿ ಅಂತ ನೀವೇ ಬರ್ದಿದೀರಲ್ಲ ಸ್ವಾಮಿ.”

“ಪೊಲೀಸ್!”

ಲಾರಿಯವನು ಎಂಜಿನ್ ನಿಲ್ಲಿಸಿ ಇಳಿದು ಬಂದ. “ಅಕ್ಕಾ, ಕಲ್ಲು ಒಡೆಯೋರು ಯಾರಾದ್ರೂ ಇದಾರಾ ನೋಡಿ,” ಎಂದು ಮೆಲ್ಲಗೆ ಕೇಳಿದ.

ಓದುತ್ತಾ ಹೋದೆ. ನೀರು ಹೊರುವವಳು, ಚರ್ಮ ಹದ ಮಾಡುವವನು, ಸದರಿಯವನ ತಮ್ಮ. ಜನ ಸುತ್ತ ಒತ್ತಿಕೊಂಡು ನಿಂತರು. ಆಚೆಯಿಂದ ಪೇದೆ ಲಾಠಿಯಲ್ಲಿ ದಾರಿ ಮಾಡಿಕೊಳ್ಳುತ್ತಿದ್ದ. ನಮ್ಮವಳು ಇದರಲ್ಲಿಲ್ಲ ಎಂದು ನನಗೂ ಗೊತ್ತು, ಅಪ್ಪನಿಗೂ ಗೊತ್ತು. ನಾಳೆ ಗೋಡೆ ಬೀಳುತ್ತದೆ. ಆದರೂ ಪ್ರತಿ ಹಾಳೆ ತಿರುವಿದಾಗಲೂ ಅಪ್ಪ ಕೇಳುತ್ತಿದ್ದ:

“ಕೂಸು ಇದೆಯಾ ನೋಡು. ಕಂಕುಳಲ್ಲಿ.”